ಪಿಗ್ಮಿ ಆ್ಯಪ್‌ನ ಎಪಿಐ ಮೇಲೆ ಝ್ಯಾಪ್ ಓಡಿಸಿದ ಮೇಲೆ

ಪತ್ತಿನ ಸಹಕಾರ ಸಂಘಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಸಣ್ಣ ತಂಡ ನಮ್ಮದು, ಶಿವಮೊಗ್ಗದಲ್ಲಿದ್ದೇವೆ. ಪಿಗ್ಮಿ ಏಜೆಂಟರು ಅಂಗಡಿ ಅಂಗಡಿ ಸುತ್ತಿ ಮೊಬೈಲಿನಲ್ಲೇ ಹಣ ಜಮಾ ಮಾಡಿಕೊಳ್ಳುವ ಆ್ಯಪ್, ಅದರ ಹಿಂದೆ ಜಾವಾದ ಸ್ಪ್ರಿಂಗ್ ಬೂಟ್‌ನಲ್ಲಿ ಬರೆದ ಎಪಿಐ (ಆ್ಯಪ್ ಮಾತಾಡುವ ಸರ್ವರ್ ಭಾಗ), ಸಂಘದ ಕಚೇರಿಗೆ ಒಂದು ವೆಬ್ ಪ್ಯಾನೆಲ್. ಇಂಥ ಕಡೆ ಸೆಕ್ಯುರಿಟಿ ಅಂದರೆ ವರ್ಷಕ್ಕೊಮ್ಮೆ ಆಡಿಟರ್ ಬಂದು ದಪ್ಪನೆಯ ಪಿಡಿಎಫ್ ಕೊಟ್ಟು ಹೋಗುವುದು. ಅದು ಕೈಗೆ ಬರುವ ಹೊತ್ತಿಗೆ ತಪ್ಪಿರುವ ಕೋಡ್ ಹಳತಾಗಿರುತ್ತದೆ, ಬರೆದ ಹುಡುಗ ಬೆಂಗಳೂರಿಗೆ ಹೋಗಿರುತ್ತಾನೆ. ಕೋಡ್ ಬರೆದ ವಾರದಲ್ಲೇ ತಪ್ಪು ತೋರಿಸುವಂಥದ್ದು ಏನಾದರೂ ಬೇಕಿತ್ತು, ಅದೂ ದುಡ್ಡು ಕೊಡದೆ. ಹಾಗಾಗಿ ಝ್ಯಾಪ್, ವೆಬ್ ಆ್ಯಪ್ ಮತ್ತು ಎಪಿಐಗಳಲ್ಲಿ ಸೆಕ್ಯುರಿಟಿ ದೋಷ ಹುಡುಕುವ ಉಚಿತ ಸಾಧನ.

ಪೂರ್ತಿ ಹೆಸರು ಝೆಡ್ ಅಟ್ಯಾಕ್ ಪ್ರಾಕ್ಸಿ. ಪಾರೋಸ್ ಎಂಬ ಹಳೆಯ ಪ್ರಾಕ್ಸಿಯ (ಬ್ರೌಸರ್ ಮತ್ತು ಸರ್ವರ್ ನಡುವೆ ಕೂತು ಹೋಗಿಬರುವುದನ್ನು ನೋಡುವ ಸಾಫ್ಟ್‌ವೇರ್) ಕೋಡ್ ಹಿಡಿದು ಸೈಮನ್ ಬೆನೆಟ್ಸ್ 2010ರಲ್ಲಿ ಬಿಡುಗಡೆ ಮಾಡಿದ್ದು. ಬಹಳ ವರ್ಷ ವೆಬ್ ಸೆಕ್ಯುರಿಟಿಗಾಗಿ ಇರುವ ಓವಾಸ್ಪ್ ಸಂಸ್ಥೆಯ ಅಡಿಯಲ್ಲಿತ್ತು, 2023ರಲ್ಲಿ ಅಲ್ಲಿಂದ ಹೊರಬಂತು, 2024ರಿಂದ ಚೆಕ್‌ಮಾರ್ಕ್ಸ್ ಕಂಪನಿಯ ಆಸರೆಯಲ್ಲಿದೆ. ಕಂಪನಿ ಸೇರಿದ ಮೇಲೆ ದುಡ್ಡು ಕೇಳುತ್ತಾರೇನೋ ಎಂಬ ಅನುಮಾನ ನನಗೂ ಇತ್ತು. ಅಪಾಚೆ 2.0 ಲೈಸೆನ್ಸ್ ಹಾಗೇ ಉಳಿದಿದೆ, ಈಗಲೂ ಉಚಿತ.

ಮೊದಲು ಕಟ್ಟಬೇಕಾದ್ದು ಬೇಸ್‌ಲೈನ್ ಸ್ಕ್ಯಾನ್. ಝ್ಯಾಪ್‌ನ ಡಾಕರ್ ಇಮೇಜ್ (ಬೇಕಾದ್ದೆಲ್ಲ ಒಳಗಿರುವ ಸಿದ್ಧ ಪೊಟ್ಟಣ) ಎಳೆದುಕೊಂಡು ವೆಬ್ ಪ್ಯಾನೆಲ್‌ನ ವಿಳಾಸ ಕೊಟ್ಟರೆ ಮುಗಿಯಿತು. ಬೇರೇನೂ ಹೇಳದಿದ್ದರೆ ಒಂದು ನಿಮಿಷ ಲಿಂಕ್‌ಗಳನ್ನು ಹಿಡಿದು ಓಡಾಡುತ್ತದೆ, ಬಂದ ಉತ್ತರಗಳನ್ನು ಸುಮ್ಮನೆ ಓದುತ್ತದೆ, ದಾಳಿ ಮಾಡುವುದಿಲ್ಲ. ಕುಕಿಗೆ ಎಚ್‌ಟಿಟಿಪಿ-ಓನ್ಲಿ ಇಲ್ಲ, ಸಿಎಸ್‌ಪಿ ಹೆಡರ್ ಇಲ್ಲ, ಫಾರಂನಲ್ಲಿ ಸಿಎಸ್‌ಆರ್‌ಎಫ್ ಟೋಕನ್ ಇಲ್ಲ ಎನ್ನುವಂಥವು, ಅಂದರೆ ಬ್ರೌಸರ್ ಕಡೆಯ ರಕ್ಷಣೆ ಬಿಟ್ಟುಹೋದ ದೋಷಗಳು ಸಿಗುವುದು ಇಲ್ಲೇ. ಇವು ಆಡಿಟರ್‌ನ ಪಿಡಿಎಫ್‌ನಲ್ಲಿ ಅರ್ಧ ಪುಟ ತುಂಬುವ ಸರಕು, ಮೊದಲೇ ತೀರಿಸಿಕೊಂಡರೆ ಒಳ್ಳೆಯದು.

ಬೇಸರ ಶುರುವಾಗುವುದೂ ಇಲ್ಲೇ. ಎಚ್ಚರಿಕೆ ಒಂದಿದ್ದರೂ ಸ್ಕ್ರಿಪ್ಟ್ 2 ಎಂಬ ಕೋಡ್ ಕೊಟ್ಟು ಮುಗಿಯುತ್ತದೆ, ಪೈಪ್‌ಲೈನ್ (ಕೋಡ್ ಸೇರಿದಾಗಲೆಲ್ಲ ತಾನಾಗಿ ಓಡುವ ಪರೀಕ್ಷೆಗಳ ಸರಣಿ) ಕೆಂಪಾಗುತ್ತದೆ. ಅದಕ್ಕೆ ನಿಯಮಗಳ ಫೈಲ್ ಒಂದಿದೆ. ಪ್ರತಿ ನಿಯಮದ ಸಂಖ್ಯೆಯ ಮುಂದೆ ಇಗ್ನೋರ್, ವಾರ್ನ್, ಫೇಲ್ ಎಂದು ನೀವೇ ಬರೆಯಬಹುದು, ನಡುವೆ ಸ್ಪೇಸ್ ಅಲ್ಲ, ಟ್ಯಾಬ್ ಇರಬೇಕು. ಸಂಘದ ಸಾಫ್ಟ್‌ವೇರ್ ಮಾಡುವವರು ಮೊದಲು ನೋಡಬೇಕಾದ್ದು 10096ನೇ ನಿಯಮ, ಯೂನಿಕ್ಸ್ ಟೈಮ್‌ಸ್ಟ್ಯಾಂಪ್ (1970ರಿಂದ ಸೆಕೆಂಡುಗಳಲ್ಲಿ ಎಣಿಸಿದ ಸಮಯ) ಬಯಲಾಗಿದೆ ಎಂದು ಹೇಳುವಂಥದ್ದು. ನಮ್ಮ ಖಾತೆ ಸಂಖ್ಯೆಗಳು ಹತ್ತು ಅಂಕಿಯವು, ಒಂದು ಶಾಖೆಯವು 17ರಿಂದ ಶುರು. 17ರಿಂದ ಶುರುವಾಗುವ ಹತ್ತಂಕಿ ಅಂದರೆ ಝ್ಯಾಪ್ ಲೆಕ್ಕದಲ್ಲಿ ಈಚಿನ ವರ್ಷಗಳ ಯಾವುದೋ ಒಂದು ಗಳಿಗೆ. ಆ ಶಾಖೆಯ ಖಾತೆ ಪಟ್ಟಿ ತೆರೆದರೆ ಸಾಲು ಸಾಲು ಎಚ್ಚರಿಕೆ. ಇಗ್ನೋರ್ ಹಾಕಿದೆವು, ಶಾಂತವಾಯಿತು.

ಎಪಿಐಗೆ ಬೇಸ್‌ಲೈನ್ ಸಾಲದು, ಹಿಡಿದು ಹೋಗಲು ಅಲ್ಲಿ ಲಿಂಕ್‌ಗಳೇ ಇರುವುದಿಲ್ಲ. ಎಪಿಐ ಸ್ಕ್ಯಾನ್ ಎಂದು ಬೇರೆಯೇ ಸ್ಕ್ರಿಪ್ಟ್ ಇದೆ. ಎಪಿಐಯಲ್ಲಿ ಏನೇನಿದೆ ಎಂದು ಹೇಳುವ ಓಪನ್‌ಎಪಿಐ, ಗ್ರಾಫ್‌ಕ್ಯೂಎಲ್, ಸೋಪ್ ವಿವರಣೆ ಮೂರನ್ನೂ ಓದುತ್ತದೆ, ಇದು ನಿಜವಾದ ದಾಳಿಯನ್ನೇ ಮಾಡುತ್ತದೆ. ಸ್ಪ್ರಿಂಗ್‌ಡಾಕ್ ಲೈಬ್ರರಿ ಹಾಕಿಕೊಂಡಿದ್ದರೆ ಓಪನ್‌ಎಪಿಐ ಫೈಲ್ ತಾನಾಗಿ ಸಿಗುತ್ತದೆ. ಆದರೆ ಆ ಫೈಲ್ ಎಷ್ಟು ಚೆನ್ನಾಗಿದೆಯೋ ಸ್ಕ್ಯಾನ್ ಅಷ್ಟೇ ಚೆನ್ನಾಗಿರುತ್ತದೆ. ಖಾತೆ ಸಂಖ್ಯೆಗೆ ಉದಾಹರಣೆ ಬರೆದಿರದಿದ್ದರೆ ತನಗೆ ತೋಚಿದ್ದನ್ನು ಕಳಿಸುತ್ತದೆ, ನಮ್ಮ ವ್ಯಾಲಿಡೇಶನ್ ಬಾಗಿಲಲ್ಲೇ 400 (ರಿಕ್ವೆಸ್ಟ್ ಸರಿಯಿಲ್ಲ) ಹೇಳಿ ವಾಪಸ್ ಕಳಿಸುತ್ತದೆ, ಒಳಗಿನ ಕೋಡ್ ಮುಟ್ಟಿಯೇ ಇರುವುದಿಲ್ಲ. ಟೆಸ್ಟ್ ಡೇಟಾಬೇಸ್‌ನಲ್ಲಿ ನಿಜವಾಗಿ ಇರುವ ಖಾತೆ, ಏಜೆಂಟ್ ಕೋಡ್, ದಿನಾಂಕಗಳನ್ನು ಉದಾಹರಣೆಗಳಾಗಿ ತುಂಬಿದ ಮೇಲೆಯೇ ವರದಿಗೆ ಜೀವ ಬಂದದ್ದು.

ಇನ್ನೊಂದು ಹಸಿರು ಬಣ್ಣದ ಮೋಸ. ಲಾಗಿನ್ ಟೋಕನ್ನನ್ನು ಎನ್ವಿರಾನ್‌ಮೆಂಟ್ ವೇರಿಯಬಲ್‌ನಲ್ಲಿ ಕೊಟ್ಟರೆ ಪ್ರತಿ ರಿಕ್ವೆಸ್ಟ್‌ಗೂ ಹಚ್ಚಿ ಕಳಿಸುತ್ತದೆ, ಸೌಕರ್ಯವೇ. ನಮ್ಮ ಟೋಕನ್‌ಗೆ ಆಯಸ್ಸು ಹದಿನೈದು ನಿಮಿಷ, ಸ್ಕ್ಯಾನ್‌ಗೆ ಅದಕ್ಕಿಂತ ಬಹಳ ಹೆಚ್ಚು. "ಮೇಡಂ, ಹೈ ಒಂದೂ ಇಲ್ಲ, ಮೀಡಿಯಂ ಒಂದೂ ಇಲ್ಲ!" ಎಂದು ನಮ್ಮ ಹೊಸ ಹುಡುಗ ಖುಷಿಯಿಂದ ಬಂದ. ಸರ್ವರ್ ಲಾಗ್ ತೆಗಿಯಪ್ಪಾ ಅಂದೆ. ಮೊದಲ ಹದಿನೈದು ನಿಮಿಷದ ನಂತರ ಬರೀ 401, ಲಾಗಿನ್ ಇಲ್ಲ ಎಂಬ ಉತ್ತರ. ಬೀಗ ಹಾಕಿದ ಬಾಗಿಲಿಗೆ ದಾಳಿ ಮಾಡಿ ಎಲ್ಲಾ ಸುರಕ್ಷಿತ ಎಂದು ಬರೆದ ವರದಿ ಅದು. ಟೆಸ್ಟ್ ಪ್ರೊಫೈಲ್‌ನಲ್ಲಿ ಟೋಕನ್ ಆಯಸ್ಸು ಹೆಚ್ಚಿಸಿ, ಮತ್ತು 401ಗಳ ಲೆಕ್ಕ ಒಂದು ಮಿತಿ ದಾಟಿದರೆ ಬಿಲ್ಡ್ ನಿಲ್ಲಿಸಿ. ಎರಡನೆಯದನ್ನು ನಾವೇ ಚಿಕ್ಕ ಸ್ಕ್ರಿಪ್ಟ್ ಬರೆದು ಮಾಡಿಕೊಂಡಿದ್ದೇವೆ.

ಅದಾದ ಮೇಲೆ ಸಿಕ್ಕಿದ್ದು ಬೆಲೆಬಾಳುವ ವಸ್ತು. ಖಾತೆ ಪಟ್ಟಿಗೆ ಸಾರ್ಟ್ ಎಂಬ ಪ್ಯಾರಾಮೀಟರ್ ಇದೆ, ಹೆಸರಿನಿಂದಲೋ ಬಾಕಿಯಿಂದಲೋ ಜೋಡಿಸಲು. ಝ್ಯಾಪ್ ಅದಕ್ಕೆ ಒಂದು ಕೋಟ್ ಚಿಹ್ನೆ ಅಂಟಿಸಿ ಕಳಿಸಿತು. ಬಂದದ್ದು 500 (ಸರ್ವರ್ ಒಳಗೇ ತಪ್ಪಾಗಿದೆ), ಜೊತೆಗೆ ನಮ್ಮ ಡೇಟಾಬೇಸ್ ಆದ ಪೋಸ್ಟ್‌ಗ್ರೆಸ್‌ನ ಸಿಂಟ್ಯಾಕ್ಸ್ ದೂರು ಇದ್ದದ್ದು ಇದ್ದ ಹಾಗೆ. ವರದಿಯಲ್ಲಿ ಕೆಂಪು, 40018ನೇ ನಿಯಮ, ಎಸ್‌ಕ್ಯೂಎಲ್ ಇಂಜೆಕ್ಷನ್: ಹೊರಗಿನವರು ಕಳಿಸಿದ ಅಕ್ಷರ ಡೇಟಾಬೇಸ್ ಆಜ್ಞೆಯೊಳಗೆ ನುಸುಳುವುದು. ಏನು ಕಳಿಸಿದೆ, ಉತ್ತರದ ಯಾವ ಸಾಲಿನಿಂದ ಅನುಮಾನ ಬಂತು ಎಂದು ಎರಡನ್ನೂ ತೋರಿಸುತ್ತದೆ, ಹಾಗಾಗಿ ಡೆವಲಪರ್ ಜೊತೆ ವಾದ ಮಾಡುವ ಕೆಲಸವಿಲ್ಲ. ಪ್ರಿಪೇರ್ಡ್ ಸ್ಟೇಟ್‌ಮೆಂಟ್ (ಬಳಕೆದಾರ ಕೊಟ್ಟದ್ದನ್ನು ಆಜ್ಞೆಗೆ ಬೆರೆಸದೆ ಬೇರೆಯಾಗಿ ಕಳಿಸುವ, ಅಂದರೆ ಬೈಂಡ್ ಮಾಡುವ ಕ್ರಮ) ಬಳಸುವ ತಂಡಗಳಲ್ಲೂ ಈ ಜಾಗ ತಪ್ಪಿಸಿಕೊಳ್ಳುತ್ತದೆ. ಕಾಲಂ ಹೆಸರನ್ನು ಬೈಂಡ್ ಮಾಡಲು ಬರುವುದಿಲ್ಲವಲ್ಲ, ಅದನ್ನು ಸ್ಟ್ರಿಂಗ್ ಆಗಿ ಜೋಡಿಸಿಬಿಡುತ್ತಾರೆ. ಅನುಮತಿ ಇರುವ ಕಾಲಂಗಳ ಪಟ್ಟಿ ಮಾಡಿ ಅದರಲ್ಲಿಲ್ಲದ್ದನ್ನು ತಿರಸ್ಕರಿಸುವುದೇ ದಾರಿ. ಆಡಿಟ್ ವರದಿಗಳಲ್ಲಿ ಈ ಪ್ಯಾರಾಮೀಟರ್‌ನ ಸುದ್ದಿಯೇ ಇರಲಿಲ್ಲ. ಆಡಿಟರ್ ಯಾರೆಂದು ಬರೆಯಲಾರೆ.

ಆದರೆ ನಮ್ಮ ವ್ಯವಹಾರದ ಅತಿ ದೊಡ್ಡ ಭಯವನ್ನು ಝ್ಯಾಪ್ ಮುಟ್ಟುವುದೇ ಇಲ್ಲ. ಗಾಂಧಿ ಬಜಾರಿನ ಏಜೆಂಟ್ ತನ್ನ ಟೋಕನ್ ಇಟ್ಟುಕೊಂಡು, ದುರ್ಗಿಗುಡಿಯ ಏಜೆಂಟರ ಗ್ರಾಹಕರ ಖಾತೆ ಸಂಖ್ಯೆ ಹಾಕಿ ಬಾಕಿ ಕೇಳಿದ ಎನ್ನಿ. ಎಪಿಐ 200 (ಎಲ್ಲಾ ಸರಿ) ಹೇಳಿ ಅಚ್ಚುಕಟ್ಟಾದ ಜೇಸನ್ ಕೊಟ್ಟರೆ ಝ್ಯಾಪ್ ಕಣ್ಣಿಗೆ ಅದು ಆರೋಗ್ಯವಾದ ಉತ್ತರ. ಆ ಖಾತೆ ಯಾರ ಪಾಲಿನದು ಎಂದು ಅದಕ್ಕೆ ಗೊತ್ತಾಗುವುದಾದರೂ ಹೇಗೆ? ಓವಾಸ್ಪ್‌ನ 2023ರ ಎಪಿಐ ಅಪಾಯಗಳ ಪಟ್ಟಿಯಲ್ಲಿ ಮೊದಲ ಸ್ಥಾನ ಇದೇ ದೋಷಕ್ಕೆ, ಬೋಲಾ (ಬ್ರೋಕನ್ ಆಬ್ಜೆಕ್ಟ್ ಲೆವೆಲ್ ಆಥರೈಸೇಶನ್) ಎನ್ನುತ್ತಾರೆ. ಆ್ಯಕ್ಸೆಸ್ ಕಂಟ್ರೋಲ್ ಪರೀಕ್ಷೆಗೆ ಆಡ್‌ಆನ್ ಒಂದಿದೆ, ಯಾವ ಬಳಕೆದಾರನಿಗೆ ಯಾವ ವಿಳಾಸ ಸಲ್ಲುತ್ತದೆ ಎಂದು ನಾವೇ ಕೂತು ಗುರುತಿಸಬೇಕು. ಅಷ್ಟು ಕೂರುವವರು ಜಾವಾದ ಟೆಸ್ಟ್ ಸಾಧನ ಜೆಯೂನಿಟ್‌ನಲ್ಲೇ ಬರೆದುಬಿಡಿ: ಇಬ್ಬರು ಏಜೆಂಟರು, ಎರಡು ಟೋಕನ್, ಒಬ್ಬನ ಟೋಕನ್‌ನಿಂದ ಇನ್ನೊಬ್ಬನ ಪ್ರತಿ ಎಂಡ್‌ಪಾಯಿಂಟ್ ಕರೆಯುವುದು, 403 (ಅನುಮತಿ ಇಲ್ಲ) ಬಾರದಿದ್ದರೆ ಫೇಲ್. ಝ್ಯಾಪ್ ಹಾಕಿದ್ದೇವೆ, ಇನ್ನೇನು ಎಂದು ಈ ಟೆಸ್ಟ್ ಬಿಡುವ ತಂಡ ಝ್ಯಾಪ್ ಹಾಕದಿರುವುದೇ ವಾಸಿ.

ಇಂಥ ಬೇರೆ ಸಾಧನಗಳ ಬಗ್ಗೆ ಚುಟುಕಾಗಿ. ಕೈಯಾರೆ ಒಂದೊಂದೇ ರಿಕ್ವೆಸ್ಟ್ ಕೆದಕಿ ನೋಡಲು ಬರ್ಪ್ ಸೂಟ್ ಪ್ರೊಫೆಷನಲ್ ಚೆಂದ, ಆದರೆ ವರ್ಷ ವರ್ಷ ಡಾಲರ್ ಲೆಕ್ಕ. ಸೆಮ್‌ಗ್ರೆಪ್ ಕೋಡನ್ನೇ ಓದುವುದರಿಂದ ಸ್ಟ್ರಿಂಗ್ ಜೋಡಿಸಿದ ಕ್ವೆರಿಗಳನ್ನು ಸರ್ವರ್ ಏಳುವ ಮೊದಲೇ ಹಿಡಿಯುತ್ತದೆ, ಝ್ಯಾಪ್ ಜೊತೆಗಿದ್ದರೆ ಒಳ್ಳೆಯ ಜೋಡಿ. ಸಹಕಾರ ಸಂಘದವರು ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ ಪಟ್ಟಿಯ ಆಡಿಟರ್‌ನ ಸರ್ಟಿಫಿಕೇಟ್ ಕೇಳಿದರೆ ಇವು ಯಾವುವೂ ನಡೆಯುವುದಿಲ್ಲ, ಅದನ್ನು ಬೇರೆ ಮಾಡಿಸಲೇಬೇಕು. ಝ್ಯಾಪ್‌ನ ಎಚ್‌ಟಿಎಂಎಲ್ ವರದಿಯನ್ನು ಒಂದು ಸಂಘದ ಕಾರ್ಯದರ್ಶಿಗೆ ತೋರಿಸಿದಾಗ ಅವರು ಕೇಳಿದ್ದು ಇಷ್ಟೇ: "ಇದೆಲ್ಲಾ ಇರ್ಲಿ ಮೇಡಂ, ಕೆಂಪು ಎಷ್ಟಿದಾವೆ ಅಷ್ಟು ಹೇಳಿ."

ನಮ್ಮಲ್ಲಿ ಈಗ ಪ್ರತಿ ಮರ್ಜ್‌ಗೆ ಬೇಸ್‌ಲೈನ್, ರಾತ್ರಿ ಹೊತ್ತು ಎಪಿಐ ಸ್ಕ್ಯಾನ್. ಝ್ಯಾಪ್‌ನ ಎಜಾಕ್ಸ್ ಸ್ಪೈಡರ್ (ಜಾವಾಸ್ಕ್ರಿಪ್ಟ್ ಪುಟಗಳಲ್ಲಿ ಲಿಂಕ್ ಹುಡುಕುವ ಭಾಗ) ಬ್ರೌಸರನ್ನೇ ಎಬ್ಬಿಸುತ್ತದೆ, 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಅದನ್ನು ಓಡಿಸಿದರೆ ಚಹಾ ಕುಡಿದು ಬರಬಹುದು. ಡೆಸ್ಕ್‌ಟಾಪ್ ಆವೃತ್ತಿ 8080ನೇ ಪೋರ್ಟ್‌ನಲ್ಲಿ ಕೂರುತ್ತದೆ, ಸ್ಪ್ರಿಂಗ್ ಬೂಟ್ ಕೂಡ ಅಲ್ಲೇ, ಮೊದಲು ಒಂದರ ಪೋರ್ಟ್ ಬದಲಿಸಿ.

ದಾಳಿಯ ಸ್ಕ್ಯಾನ್ ಯಾವತ್ತೂ ಲೈವ್ ಸರ್ವರ್ ಮೇಲೆ ಬೇಡ. ಫಾರಂಗಳನ್ನು ತಾನೇ ತುಂಬಿ ಸಲ್ಲಿಸುತ್ತದೆ, ಡೇಟಾಬೇಸ್‌ನಲ್ಲಿ ಝ್ಯಾಪ್ ಎಂಬ ಹೆಸರಿನ ಸದಸ್ಯರು ಹುಟ್ಟಿಕೊಳ್ಳುತ್ತಾರೆ. ಒಟಿಪಿ ಎಂಡ್‌ಪಾಯಿಂಟ್ ಸಿಕ್ಕರೆ ಅದನ್ನೂ ಬಿಡುವುದಿಲ್ಲ. ಎಸ್‌ಎಂಎಸ್ ಗೇಟ್‌ವೇ ಜಾಗದಲ್ಲಿ ಮಾಕ್ (ನಕಲಿ ಗೇಟ್‌ವೇ) ಇರಲಿ, ಇಲ್ಲದಿದ್ದರೆ ಬಿಲ್ಲು ಬರುವುದು ನಿಮಗೆ. ಲಾಗೌಟ್ ವಿಳಾಸವನ್ನು ಸ್ಕ್ಯಾನ್‌ನಿಂದ ಹೊರಗಿಡಿ, ಇಲ್ಲದಿದ್ದರೆ ತಾನೇ ಲಾಗೌಟ್ ಆಗಿಬಿಡುತ್ತದೆ. ಬೇರೆಯವರ ಸರ್ವರ್ ಮೇಲೆ ಅನುಮತಿ ಇಲ್ಲದೆ ಓಡಿಸಿದರೆ ಐಟಿ ಕಾಯ್ದೆಯ 43 ಮತ್ತು 66ನೇ ಸೆಕ್ಷನ್‌ಗಳ ಕೆಳಗೆ ಕೇಸಾಗಬಹುದು, ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ. ಯುಎಟಿ ಸರ್ವರ್ (ಗ್ರಾಹಕರು ಪರೀಕ್ಷಿಸಿ ನೋಡುವುದು) ಸಂಘದವರ ಹೆಸರಿನಲ್ಲಿದ್ದರೆ ಲೆಟರ್‌ಹೆಡ್‌ನಲ್ಲಿ ಸಹಿ, ಸೀಲು ಸಮೇತ ಅನುಮತಿ ತೆಗೆದುಕೊಳ್ಳಿ. ವಾಟ್ಸ್ಆ್ಯಪ್‌ನಲ್ಲಿ ಬಂದ "ಓಕೆ ಮೇಡಂ ಮಾಡ್ಕೊಳಿ" ಸಾಲದು.