‘ಥೈರಾಯ್ಡ್ ನೋಡಿಯಾಗಿದೆಯಲ್ಲ’ ಅಂದರೆ ಸುಮ್ಮನಾಗಬೇಡಿ

ಮನೆಯಲ್ಲಿ ಬಾಣಂತಿ ಇದ್ದರೆ ಇದನ್ನು ಓದಿ. ಒಂದು ‘ನಾರ್ಮಲ್’ ರಿಪೋರ್ಟ್ ನಂಬಿ ನಾನು ಮೂರು ತಿಂಗಳು ಹಾಳು ಮಾಡಿಕೊಂಡೆ.

ಕಳೆದ ವರ್ಷ ಅಕ್ಟೋಬರ್‌ನಲ್ಲಿ ಹೆರಿಗೆ. ತಿಪಟೂರಿನ ತವರಲ್ಲಿ ಬಾಣಂತನ. ಎರಡು ತಿಂಗಳು ತುಂಬುವಷ್ಟರಲ್ಲಿ ಎದೆ ಡವಡವ. ಡಿಸೆಂಬರ್ ಚಳಿಗೆ ಎಲ್ಲರೂ ಕಂಬಳಿ ಹೊದ್ದು ಮಲಗಿದ್ದರೆ ನಾನೊಬ್ಬಳೇ ಬೆವರುತ್ತಿದ್ದೆ. ಪಾಪುವಿಗೆ ವಿಟಮಿನ್ ಡಿ ಹನಿ ಹಾಕಲು ಹೋದರೆ ಕೈ ನಡುಗಿ ಹನಿ ಕೆನ್ನೆ ಮೇಲೆ ಬೀಳೋದು. ‘ಕೆಂಡದ ಕೋಣೆ, ಮೆಣಸಿನ ಸಾರು, ಬೆವರದೆ ಇನ್ನೇನು’ ಅಂದರು ಅಜ್ಜಿ. ಡಾಕ್ಟರು ನನ್ನ ಬಿಟ್ಟು ಅಮ್ಮನ ಮುಖ ನೋಡಿ, ‘ಮೊದಲನೇ ಮಗು ಅಲ್ವಾ, ನಿದ್ದೆ ಇಲ್ಲ, ಹೀಗೇ ಆಗುತ್ತೆ’ ಅಂದರು. ನಾಡಿ ಸಹ ಹಿಡಿಯಲಿಲ್ಲ.

ಫೆಬ್ರವರಿಯಲ್ಲಿ ಹಟ ಹಿಡಿದು ಥೈರಾಯ್ಡ್ ಪರೀಕ್ಷೆ ಮಾಡಿಸಿದೆ. ಟಿಎಸ್‌ಎಚ್ (ಥೈರಾಯ್ಡ್‌ಗೆ ‘ಕೆಲಸ ಮಾಡು’ ಅಂತ ಹೇಳುವ ಹಾರ್ಮೋನು, ಗ್ರಂಥಿ ಸೋತಷ್ಟೂ ಇದು ಏರುತ್ತದೆ) 2.9, ನಾರ್ಮಲ್. ಅಷ್ಟೇ, ಆ ಹಾಳೆ ನನ್ನ ಬಾಯಿ ಮುಚ್ಚಿಸಿಬಿಟ್ಟಿತು. ಆಮೇಲೆ ಏನು ಹೇಳಿಕೊಂಡರೂ ಎಲ್ಲರದ್ದೂ ಒಂದೇ ಉತ್ತರ: ‘ಥೈರಾಯ್ಡ್ ನೋಡಿಯಾಗಿದೆಯಲ್ಲ!’

ಏಪ್ರಿಲ್ ಹೊತ್ತಿಗೆ ಎಲ್ಲ ಉಲ್ಟಾ. ದಾವಣಗೆರೆಯ ಬಿಸಿಲು, ಅತ್ತೆ ಫ್ಯಾನಿನ ಕೆಳಗಿಂದ ಏಳುತ್ತಿರಲಿಲ್ಲ, ನಾನು ಸ್ವೆಟರ್ ಹಾಕಿಕೊಂಡು ಕೂತಿರುತ್ತಿದ್ದೆ. ಮಲಬದ್ಧತೆ. ಬಾಚಿದರೆ ಕೈತುಂಬ ಕೂದಲು. ಫೋನಲ್ಲಿ ತಮ್ಮ ‘ಯಾಕಕ್ಕ, ಶೀತ ಆಗಿದೆಯಾ?’ ಅಂತ ಕೇಳುವಷ್ಟು ದನಿ ಒಡೆದಿತ್ತು. ಇನ್ನೊಬ್ಬ ಡಾಕ್ಟರು ರಕ್ತ ಕಡಿಮೆ ಅಂತ ಕಬ್ಬಿಣದ ಮಾತ್ರೆ, ಕೂದಲಿಗೆ ಬಯೋಟಿನ್ ಬರೆದರು. ಮುಂದಿನ ಸಲ ಹೋದಾಗ ಮನಸ್ಸಿನ ಮಾತ್ರೆ. (ಬಾಣಂತಿಯರಿಗೆ ಖಿನ್ನತೆ ಬರೋದು ನಿಜ, ಅದಕ್ಕೆ ಚಿಕಿತ್ಸೆಯೂ ಬೇಕು. ಆದರೆ ರಕ್ತ ಮತ್ತೆ ಪರೀಕ್ಷಿಸದೆ ಅದೇ ಅಂತ ತೀರ್ಮಾನಿಸಿದ್ದು ನನಗೆ ಇವತ್ತಿಗೂ ಸಿಟ್ಟು.)

ಮೇ ಕೊನೆಗೆ ಮೂರನೆಯವರು ಸಿಕ್ಕರು. ಕುರ್ಚಿ ಮೇಲೆ ಮಂಡಿಯೂರಿಸಿ, ಹಿಮ್ಮಡಿಯ ಹಿಂದೆ, ಸ್ವಲ್ಪ ಮೇಲೆ ಸಣ್ಣ ಸುತ್ತಿಗೆಯಲ್ಲಿ ತಟ್ಟಿದರು. ಪಾದ ಚಿಮ್ಮಿತು, ವಾಪಸ್ ಬರುವುದು ಮಾತ್ರ ಸೋಮಾರಿ ಎತ್ತಿನ ಹಾಗೆ ನಿಧಾನ. ಥೈರಾಯ್ಡ್ ಕಡಿಮೆಯಾದರೆ ಹೀಗಾಗುತ್ತದಂತೆ. ‘ಕೂದಲಿಗೆ ಏನಾದರೂ ತಗೋತಿದೀರಾ?’ ಅಂತ ಕೇಳಿ, ಬಯೋಟಿನ್ ಇದ್ದರೆ ಥೈರಾಯ್ಡ್ ರಿಪೋರ್ಟ್ ತಪ್ಪು ತೋರಿಸಬಹುದು, ಎರಡು ದಿನ ಬಿಟ್ಟು ರಕ್ತ ಕೊಡಿ ಅಂದರು. ಟಿಎಸ್‌ಎಚ್ ಒಂದೇ ಅಲ್ಲ, ಫ್ರೀ ಟಿ4 (ಗ್ರಂಥಿಯೇ ಮಾಡುವ ಹಾರ್ಮೋನು), ಆಂಟಿ ಟಿಪಿಒ (ನಮ್ಮ ದೇಹವೇ ಥೈರಾಯ್ಡ್ ಮೇಲೆ ತಿರುಗಿಬಿದ್ದಿದೆಯಾ ಅಂತ ನೋಡುವ ಪರೀಕ್ಷೆ) ಕೂಡ ಬರೆದರು. ಟಿಎಸ್‌ಎಚ್ 58! ಟಿ4 ಕಡಿಮೆ, ಟಿಪಿಒ ಪಾಸಿಟಿವ್.

ಹೆರಿಗೆಯ ನಂತರ ಕೆಲವರಿಗೆ ಥೈರಾಯ್ಡ್ ಗ್ರಂಥಿ ಊದಿಕೊಳ್ಳುತ್ತದಂತೆ. ಮೊದಲು ಅದರಲ್ಲಿ ಕೂಡಿಟ್ಟ ಹಾರ್ಮೋನೆಲ್ಲ ರಕ್ತಕ್ಕೆ ಸೋರುತ್ತದೆ: ಅದೇ ನನ್ನ ಬೆವರು, ನಡುಕ. ಸೋರಿ ಖಾಲಿಯಾದ ಮೇಲೆ ಚಳಿ, ಸುಸ್ತು. ಮೇಲಿಂದ ಕೆಳಕ್ಕೆ ಇಳಿಯುವಾಗ ನಡುವೆ ಕೆಲವು ದಿನ ಲೆಕ್ಕ ಸರಿಯಾಗೇ ಕಾಣುತ್ತದೆ. ನನ್ನ ಫೆಬ್ರವರಿ ರಿಪೋರ್ಟ್ ಸಿಕ್ಕಿದ್ದು ಆ ದಿನಗಳಲ್ಲೇ ಅಂದರು ಅವರು.

50 ಮೈಕ್ರೋಗ್ರಾಂ ಥೈರಾಕ್ಸಿನ್ ಶುರು ಮಾಡಿದರು. ಮೊಲೆಹಾಲು ನಿಲ್ಲಿಸಬೇಕಾಗಲಿಲ್ಲ. ಅಲ್ಲೂ ಎಡವಿದೆ: ಬೆಳಿಗ್ಗೆ ಕಾಫಿ ಜೊತೆಗೇ ಥೈರಾಯ್ಡ್ ಮಾತ್ರೆ, ಕಬ್ಬಿಣದ ಮಾತ್ರೆ ಎರಡೂ ನುಂಗುತ್ತಿದ್ದೆ, ಆರು ವಾರದ ರಿಪೋರ್ಟಲ್ಲಿ ಟಿಎಸ್‌ಎಚ್ ಹೆಚ್ಚೇನೂ ಇಳಿದಿರಲಿಲ್ಲ. ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ, ಕಾಫಿಗೆ ಅರ್ಧ ಗಂಟೆಯಾದರೂ ಬಿಟ್ಟು, ಕಬ್ಬಿಣ, ಕ್ಯಾಲ್ಸಿಯಂಗೆ ನಾಲ್ಕು ಗಂಟೆ ಅಂತರ. ಹಾಗೆ ಮಾಡಿದ ಮೇಲೆ ಇಳಿಯಿತು. ಕೆಲವರಿಗೆ ವರ್ಷದೊಳಗೆ ಗ್ರಂಥಿ ತಾನೇ ಸುಧಾರಿಸುತ್ತದೆ, ಕೆಲವರಿಗೆ ಮಾತ್ರೆ ಖಾಯಂ. ನನ್ನದು ಯಾವುದು ಅಂತ ಮುಂದೆ ಗೊತ್ತಾಗಬೇಕು.

ಮುಂದಿನ ತಿಂಗಳು ತಂಗಿಗೆ ಹೆರಿಗೆ. ಅವಳ ಫೈಲಿನ ಮೊದಲ ಪುಟದ ಮೇಲೆ ಕೆಂಪು ಪೆನ್ನಲ್ಲಿ ನಾನೇ ಬರೆದಿಟ್ಟಿದ್ದೇನೆ: ‘ಅಕ್ಕನಿಗೆ ಥೈರಾಯ್ಡ್ ಇದೆ. ಮೂರನೇ ತಿಂಗಳು ಒಂದು ಸಲ, ಆರನೇ ತಿಂಗಳು ಇನ್ನೊಂದು ಸಲ ಟಿಎಸ್‌ಎಚ್.’