ವಯಸ್ಸಾದವರಿಗೆ ರೆಸಿಸ್ಟೆನ್ಸ್ ಬ್ಯಾಂಡ್: ಅಮ್ಮ ಬಳಸಿ ನೋಡಿದ ಮೇಲೆ

ಎಳೆದು ವ್ಯಾಯಾಮ ಮಾಡೋಕೆ, ಒಂದೊಂದು ಬಣ್ಣಕ್ಕೆ ಒಂದೊಂದು ಬಿಗಿ ಇರುವ ಐದು ರಬ್ಬರ್ ಪಟ್ಟಿಗಳ ಸೆಟ್ ಇದು. ಎಪ್ಪತ್ತು ದಾಟಿದ ಅಮ್ಮನಿಗೆ ಅಂತ ತರಿಸಿದ್ದು. ಮನೆಯಲ್ಲಿ ವಯಸ್ಸಾದವರಿದ್ದರೆ ಖಂಡಿತ ತಗೊಳ್ಳಿ, ಆದರೆ ಉದ್ದನೆಯ ಚಪ್ಪಟೆ ಪಟ್ಟಿಯದ್ದೇ ತಗೊಳ್ಳಿ. ಬಳೆಯ ಹಾಗೆ ತುದಿ ಸೇರಿರುವ ಚಿಕ್ಕ ಲೂಪ್ ಬ್ಯಾಂಡ್ ಬೇಡ. ಅದನ್ನು ಕಾಲಿಗೆ ಏರಿಸಿಕೊಳ್ಳೋಕೆ ಬಗ್ಗಬೇಕು, ಒಂಟಿ ಕಾಲಲ್ಲಿ ನಿಲ್ಲಬೇಕು, ವ್ಯಾಯಾಮ ಶುರುವಾಗುವ ಮೊದಲೇ ಬೀಳುವ ಭಯ.

"ದಿನಾ ವಾಕಿಂಗ್ ಮಾಡ್ತೀನಲ್ಲ, ಇನ್ನು ಇದ್ಯಾಕೆ?" ಅಂತ ಅಮ್ಮ ಕೇಳಿದ್ದರು. ವಾಕಿಂಗ್ ಹೃದಯಕ್ಕೆ ಒಳ್ಳೆಯದು, ನಿಜ. ಆದರೆ ವಯಸ್ಸಾಗುತ್ತಾ ಮಾಂಸಖಂಡ ಕರಗುತ್ತದೆ, 60 ದಾಟಿದ ಮೇಲಂತೂ ಇನ್ನೂ ಬೇಗ. ಅದನ್ನು ತಡೆಯೋಕೆ ಸ್ನಾಯುಗಳ ಮೇಲೆ ಸ್ವಲ್ಪ ಭಾರ ಬೀಳಲೇಬೇಕು. 65 ದಾಟಿದವರು ವಾರಕ್ಕೆ ಕನಿಷ್ಠ 2 ದಿನ ಬಲದ ವ್ಯಾಯಾಮ ಮಾಡಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆಯ 2020ರ ಮಾರ್ಗಸೂಚಿಯಲ್ಲೂ ಇದೆ. ಇಷ್ಟು ವಯಸ್ಸಾದ ಮೇಲೆ ಏನು ಪ್ರಯೋಜನ ಅನ್ನುವವರಿಗೆ 1990ರ ಒಂದು ಅಧ್ಯಯನ ಹೇಳುತ್ತೇನೆ: ವೃದ್ಧರ ಆರೈಕೆ ಕೇಂದ್ರದಲ್ಲಿದ್ದ, 90ರ ಆಸುಪಾಸಿನ ಬಹಳ ನಿಶ್ಶಕ್ತರಾದ ಕೆಲವರಿಗೆ 8 ವಾರ ಭಾರ ಎತ್ತಿಸಿದರು, ಅವರ ಕಾಲಿನ ಬಲ ಸರಾಸರಿ ಎರಡು ಪಟ್ಟಿಗಿಂತ ಜಾಸ್ತಿಯಾಯಿತು!

ಇನ್ನು ಬಳಕೆಗೆ ಬರೋಣ. ಅಮ್ಮ ಕುರ್ಚಿಯಲ್ಲಿ ಕೂತು, ಕಾಲು ಮುಂದೆ ಚಾಚಿ, ಪಟ್ಟಿಯನ್ನು ಪಾದಕ್ಕೆ ಸುತ್ತಿ ಮೊಣಕೈ ಹಿಂದಕ್ಕೆ ಎಳೆಯುತ್ತಾರೆ. ಬೆನ್ನಿಗೂ ಭುಜಕ್ಕೂ ಒಳ್ಳೆಯ ಕೆಲಸ. ಸುಮ್ನೆ ಪಾದದಡಿ ಇಟ್ಟು ಎಳೆದರೆ ಜಾರಿ ನೇರ ಮುಖಕ್ಕೇ ಹೊಡೆಯುತ್ತದೆ, ಹಾಗಾಗಿ ಒಂದು ಸುತ್ತು ಸುತ್ತಲೇಬೇಕು. ಎಳೆಯುವಾಗ ಉಸಿರು ಕಟ್ಟಬಾರದು, ಬಿಪಿ ಏರುತ್ತದೆ. ಅಮ್ಮ ಜೋರಾಗಿ ಎಣಿಸುತ್ತಾರೆ, ಎಣಿಸುತ್ತಿದ್ದರೆ ಉಸಿರು ತಾನಾಗಿ ಆಡುತ್ತಿರುತ್ತದೆ.

ಕೊರತೆಗಳೂ ಇವೆ. ಹಿಡಿಕೆ ಕೊಟ್ಟಿಲ್ಲ. ಬೆರಳಿನ ಗಂಟು ನೋವಿರುವವರು ತೆಳು ರಬ್ಬರನ್ನು ಗಟ್ಟಿಯಾಗಿ ಹಿಡಿಯೋದು ಕಷ್ಟ, ಅಂಗೈಗೆ ಸುತ್ತಿಕೊಂಡರೆ ಚರ್ಮದಲ್ಲಿ ಕೆಂಪು ಗೆರೆ ಮೂಡುತ್ತದೆ. ಕೊನೆಗೆ ಎರಡೂ ತುದಿಗೆ ಕೈ ತೂರುವಷ್ಟು ದೊಡ್ಡ ಕುಣಿಕೆ ಹಾಕಿಕೊಟ್ಟೆ. ಜೊತೆಗಿದ್ದ ಹಾಳೆಯಲ್ಲಿ ಕಟ್ಟುಮಸ್ತಾದ ಹುಡುಗನ ಚಿತ್ರ, ವ್ಯಾಯಾಮವೆಲ್ಲ ನಿಂತೇ ಮಾಡುವಂಥವು, ಕೂತು ಮಾಡುವುದು ಒಂದೂ ಇಲ್ಲ. ಇದು ಯಾರಿಗಾಗಿ ಮಾಡಿದ್ದು ಅಂತ ಬೇಸರವಾಯಿತು. ಬಣ್ಣ ನೋಡಿ ಬಿಗಿ ಲೆಕ್ಕ ಹಾಕಬೇಡಿ, ಕಂಪನಿಯಿಂದ ಕಂಪನಿಗೆ ಬದಲಾಗುತ್ತದೆ. ಅತಿ ಹಗುರದ್ದರಿಂದ ಶುರು ಮಾಡಿ, 12 ಸಲ ಎಳೆದರೂ ಸುಲಭ ಅನ್ನಿಸಿದರೆ ಮಾತ್ರ ಮುಂದಿನದ್ದು. ಲ್ಯಾಟೆಕ್ಸ್ (ನೈಸರ್ಗಿಕ ರಬ್ಬರ್) ಅಲರ್ಜಿ ಇದ್ದವರು ಲ್ಯಾಟೆಕ್ಸ್ ಇಲ್ಲದ್ದನ್ನೇ ಕೇಳಿ. ಬಿಸಿಲಲ್ಲಿ ಇಡಬೇಡಿ, ಬಿರುಕು ಕಂಡರೆ ಎಸೆದುಬಿಡಿ.

ಕಾಲಿಗೆ ಮಾತ್ರ ಇದನ್ನೊಂದೇ ನಂಬಬೇಡಿ. ಕುರ್ಚಿಯಿಂದ ಕೈ ಊರದೆ ಎದ್ದು ಕೂರುವುದನ್ನೂ ಸೇರಿಸಿಕೊಳ್ಳಿ. ಮೊದಲು ಎರಡೂ ಕೈ ಊರಿ ಏಳುತ್ತಿದ್ದ ಅಮ್ಮ ಈಗ ಕೈಯಲ್ಲಿ ಲೋಟ ಹಿಡಿದುಕೊಂಡೇ ಎದ್ದು ಹೋಗುತ್ತಾರೆ, ನನಗಂತೂ ತುಂಬಾ ಖುಷಿ. ಹೃದಯದ ತೊಂದರೆ, ಇತ್ತೀಚಿನ ಆಪರೇಷನ್ ಇದ್ದರೆ ಡಾಕ್ಟರನ್ನು ಕೇಳಿ ಶುರು ಮಾಡಿ.

ನನ್ನ ಕಡೆಯಿಂದ 4 ಸ್ಟಾರ್. ಅಗಲವಾದ ಹಿಡಿಕೆ, ಕೂತು ಮಾಡುವ ವ್ಯಾಯಾಮದ ಚಿತ್ರ ಕೊಟ್ಟರೆ ಇನ್ನೊಂದನ್ನೂ ಕೊಡುತ್ತೇನೆ.