44ನೇ ನಂಬರ್ ಬಸ್ಸು: ನನ್ನ ಮಾರ್ಕು, ಅಪ್ಪನ ಮಾರ್ಕು

ಅಪ್ಪ ಹಾಸನ ಡಿಪೋದಲ್ಲಿ ಇಪ್ಪತ್ತೆಂಟು ವರ್ಷ ಕೆಎಸ್‌ಆರ್‌ಟಿಸಿ ಬಸ್ಸು ಓಡಿಸಿದವರು. ಅಪ್ಪ ಅಮ್ಮ ಲಂಡನ್ನಿಗೆ ಬಂದಾಗ ಅರಮನೆ, ದೊಡ್ಡ ಗಡಿಯಾರ ಎಲ್ಲ ಅರ್ಧ ದಿನದಲ್ಲಿ ಮುಗಿಯಿತು. ಉಳಿದ ಮೂರು ವಾರ ಬರೀ ಬಸ್ಸು. ಅದರಲ್ಲೂ ನಮ್ಮ ಟೂಟಿಂಗ್‌ನಿಂದ ವಿಕ್ಟೋರಿಯಾಕ್ಕೆ ಹೋಗುವ 44.

ಮೊದಲು ದುಡ್ಡಿನ ವಿಷಯ. ನಾವು ಓಡಾಡುವಾಗ ಟಿಕೆಟ್ 1.75 ಪೌಂಡ್, ನಮ್ಮ ಲೆಕ್ಕದಲ್ಲಿ ಹತ್ತಿರ ಹತ್ತಿರ 200 ರೂಪಾಯಿ. 'ಹೆಂಗಸರಿಗೆ ಫ್ರೀ ಇಲ್ವೇನೋ?' ಅಂತ ಅಮ್ಮ ಕೇಳಿದರು. ಇಲ್ಲಮ್ಮ. ಆದರೆ ಒಮ್ಮೆ ಕಾರ್ಡ್ ಮುಟ್ಟಿಸಿದರೆ ಮುಂದಿನ ಒಂದು ಗಂಟೆಯೊಳಗೆ ಎಷ್ಟು ಬಸ್ಸು ಬೇಕಾದರೂ ಹತ್ತಬಹುದು, ಮತ್ತೆ ದುಡ್ಡಿಲ್ಲ. ಇದಕ್ಕೆ ಹಾಪರ್ ಅಂತಾರೆ. ಒಂದು ಎಚ್ಚರಿಕೆ: ಮೊದಲ ಬಸ್ಸಿಗೆ ಫೋನ್, ಎರಡನೆಯದಕ್ಕೆ ಕಾರ್ಡ್ ಮುಟ್ಟಿಸಿದರೆ ಎರಡು ಟಿಕೆಟ್ ಬೀಳುತ್ತದೆ. ನಾನೇ ಹಾಗೆ ಮಾಡಿ ಅಪ್ಪನ ಕೈಲಿ ಬೈಸಿಕೊಂಡೆ. ನೋಟು, ಚಿಲ್ಲರೆ ಅಂತೂ 2014ರಿಂದಲೇ ತಗೊಳ್ಳಲ್ಲ.

ಈ ಹಾಪರ್ ತಂದದ್ದು 2016ರ ಸೆಪ್ಟೆಂಬರಿನಲ್ಲಿ, ಆ ವರ್ಷವಷ್ಟೇ ಮೇಯರ್ ಆಗಿದ್ದ ಸಾದಿಕ್ ಖಾನ್. ಶುರುವಿನಲ್ಲಿ ಒಂದೇ ಸಲ ಬಸ್ಸು ಬದಲಿಸಬಹುದಿತ್ತು, 2018ರಿಂದ ಎಷ್ಟು ಸಲವಾದರೂ ಸರಿ. ಅವರ ಅಪ್ಪ ಅಮಾನುಲ್ಲಾ ಖಾನ್ ಬಸ್ ಡ್ರೈವರ್. ಅದೂ ಇದೇ 44ರಲ್ಲಿ! ಇದನ್ನು ಹೇಳಿದ್ದೇ ತಡ, ಮೇಲ್ಮಹಡಿಯ ಮುಂದಿನ ಸೀಟಿನಲ್ಲಿ ಒರಗಿದ್ದ ಅಪ್ಪ ಎದ್ದು ನೆಟ್ಟಗೆ ಕೂತರು.

ಬಸ್ಸು ಗ್ಯಾರಟ್ ಲೇನಿನಲ್ಲಿ ತೆವಳುತ್ತಿತ್ತು. ಸಾಯಂಕಾಲ ಇಲ್ಲಿ ಟ್ರಾಫಿಕ್ ಹೇಗಿರುತ್ತದೆ ಅಂದರೆ ತಳ್ಳುಗಾಡಿಯಲ್ಲಿ ಮಗು ಕೂರಿಸಿಕೊಂಡ ಅಮ್ಮಂದಿರೂ ನಮ್ಮನ್ನು ಹಿಂದೆ ಹಾಕುತ್ತಾರೆ. ಅದೂ ಒಳ್ಳೆಯದೇ ಆಯಿತು. ಅರ್ಲ್ಸ್‌ಫೀಲ್ಡಿನ ಹೆನ್ರಿ ಪ್ರಿನ್ಸ್ ಎಸ್ಟೇಟನ್ನು ನಿಧಾನವಾಗಿ ತೋರಿಸಲು ಆಯಿತು. ಇಟ್ಟಿಗೆಯ ಸರ್ಕಾರಿ ಫ್ಲ್ಯಾಟುಗಳ ಸಾಲು. ಸಾದಿಕ್ ಬೆಳೆದದ್ದು ಅಲ್ಲೇ. ಅವರ ಅಜ್ಜ ಅಜ್ಜಿ ದೇಶ ಎರಡಾದಾಗ ಇಂಡಿಯಾ ಬಿಟ್ಟು ಪಾಕಿಸ್ತಾನಕ್ಕೆ ಹೋದವರು. ಸಾದಿಕ್ ಅಪ್ಪ ಅಮ್ಮ 1968ರಲ್ಲಿ ಅಲ್ಲಿಂದ ಲಂಡನ್ನಿಗೆ ಬಂದರು. ಎಂಟು ಮಕ್ಕಳು, ಮೂರು ಬೆಡ್‌ರೂಮು. 1970ರಲ್ಲಿ ಹುಟ್ಟಿದ ಇವರು ಐದನೆಯವರು. ಅವರಮ್ಮ ಬಟ್ಟೆ ಹೊಲಿಯುತ್ತಿದ್ದರು. ಇಪ್ಪತ್ತನಾಲ್ಕು ವರ್ಷದವರೆಗೂ ಇವರು ಮಲಗಿದ್ದು ಒಂದರ ಮೇಲೊಂದು ಇರುವ ಮಂಚದಲ್ಲಂತೆ. 'ನಮ್ಮ ಕ್ವಾರ್ಟರ್ಸೇ ವಾಸಿ ಬಿಡು' ಅಂದರು ಅಮ್ಮ.

ಹುಡುಗನಿಗೆ ಹಲ್ಲಿನ ಡಾಕ್ಟರ್ ಆಗುವ ಆಸೆ ಇತ್ತಂತೆ. ಇಷ್ಟು ವಾದ ಮಾಡ್ತೀಯಲ್ಲ, ಲಾ ಓದು ಅಂತ ಒಬ್ಬ ಮೇಷ್ಟ್ರು ದಾರಿ ಬದಲಿಸಿದರು. ಮಾನವ ಹಕ್ಕುಗಳ ಕೇಸು ನಡೆಸುವ ಲಾಯರ್ ಆದರು. ಬಸ್ಸು ವಾಂಡ್ಸ್‌ವರ್ತ್ ದಾಟುವಾಗ ಹೇಳಿದೆ: 1994ರಿಂದ 2006ರವರೆಗೆ ಇಲ್ಲಿನ ಕೌನ್ಸಿಲರ್, 2005ರಲ್ಲಿ ಟೂಟಿಂಗ್‌ನ ಎಂಪಿ. ಅಪ್ಪನಿಗೆ ಅದ್ಯಾವುದೂ ಬೇಡ. 'ಮಗ ಮೇಯರ್ ಆಗಿದ್ದನ್ನ ಅವರಪ್ಪ ನೋಡಿದರಾ?' ಇಲ್ಲ, ಅಷ್ಟು ಹೊತ್ತಿಗೆ ಅವರು ತೀರಿಹೋಗಿದ್ದರು ಅಂದೆ. ಚೆಲ್ಸಿ ಸೇತುವೆ ಬರುವವರೆಗೂ ಅಪ್ಪ ಮಾತಾಡಲಿಲ್ಲ.

ಹಾಗಂತ ನಾನು ಆ ಮೇಯರ್ ಅಭಿಮಾನಿ ಏನಲ್ಲ. 2016ರ ಚುನಾವಣೆಯಲ್ಲಿ 'ಬಸ್ ಡ್ರೈವರ್ ಮಗ' ಅನ್ನೋದನ್ನು ಎಷ್ಟು ಸಲ ಹೇಳಿದರೆಂದರೆ ಜನ ತಮಾಷೆ ಮಾಡುವಂತಾಯಿತು. ಎದುರು ಪಕ್ಷದ ಸಾಜಿದ್ ಜಾವಿದ್ ಅಪ್ಪನೂ ಪಾಕಿಸ್ತಾನದಿಂದ ಬಂದ ಬಸ್ ಡ್ರೈವರೇ, ಅವರು ಹಣಕಾಸು ಮಂತ್ರಿಯೇ ಆದರು. ಹೊಗೆ ಜಾಸ್ತಿ ಬಿಡುವ ಹಳೇ ಗಾಡಿಗೆ ದಿನಕ್ಕೆ 12.50 ಪೌಂಡ್ ಅನ್ನುವ ಶುಲ್ಕವನ್ನು ಸಾದಿಕ್ 2023ರಲ್ಲಿ ಇಡೀ ಲಂಡನ್ನಿಗೆ ಹಬ್ಬಿಸಿದರು. ಅದಕ್ಕೆ ಬೈಯುವವರು ಈಗಲೂ ಸಿಗುತ್ತಾರೆ. ಆದರೂ 2024ರಲ್ಲಿ ಮೂರನೇ ಸಲ ಗೆದ್ದರು.

ವಿಕ್ಟೋರಿಯಾದಲ್ಲಿ ಎಲ್ಲರೂ ನಡುಬಾಗಿಲಿನಿಂದ ಇಳಿದರು. ಅಪ್ಪ ಮಾತ್ರ ಮುಂದೆ ಹೋಗಿ ಗಾಜಿನ ಹಿಂದಿನ ಡ್ರೈವರ್‌ಗೆ ಕೈ ಎತ್ತಿದರು. ಆತನೂ ಎತ್ತಿದ. 'ನೈಟ್ ಹಾಲ್ಟ್ ಇದೆಯಾ ಕೇಳೋ' ಅಂದರು ನನಗೆ. ಕೇಳುವಷ್ಟರಲ್ಲಿ ಬಾಗಿಲು ಮುಚ್ಚಿತು.

ನನ್ನದು ಐದಕ್ಕೆ ನಾಲ್ಕು, ಒಂದು ಹೋಗಿದ್ದು ಗ್ಯಾರಟ್ ಲೇನಿನ ಟ್ರಾಫಿಕ್ಕಿಗೆ. ಅಪ್ಪನದು ಮೂರೂವರೆ. ಕಂಡಕ್ಟರ್ ಇಲ್ಲ ಅಂತ ಒಂದು, ಡ್ರೈವರ್ ಜೊತೆ ಎರಡು ಮಾತಾಡೋಕೆ ಆಗಲಿಲ್ಲ ಅಂತ ಅರ್ಧ.